ಬ್ಯಾಟರಿಗೆ ಹೊದಿಸಿದ ಕಂಬಳಿ

ನಮ್ಮ ಮನೆಯಲ್ಲಿರುವ ಒಂದೇ ಒಂದು ಒಳ್ಳೆಯ ಕಂಬಳಿಯನ್ನು ನಾನು ಬ್ಯಾಟರಿಗೆ ಹೊದಿಸಿದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ನಾನು ಹೇಳದಿದ್ದರೆ ನನ್ನ ಹೆಂಡತಿ ವಿಶಾಲಾಕ್ಷಿ ಹೇಳುತ್ತಾಳೆ. ಅವಳು ಹೇಳಿದಾಗಲೆಲ್ಲ ಕಂಬಳಿ ಒಂದು ಗೇಣು ಉದ್ದವಾಗುತ್ತದೆ, ನನ್ನ ಬುದ್ಧಿ ಒಂದು ಗೇಣು ಮೋಟಾಗುತ್ತದೆ. ಕಳೆದ ವಾರ ಬೀರೂರಿನಿಂದ ಬಂದಿದ್ದ ಅವಳ ತಂಗಿಗೆ ಹೇಳುವಾಗಂತೂ ನಾನು ಬ್ಯಾಟರಿಗೆ ಜೋಗುಳ ಹಾಡಿದೆ ಎಂಬಲ್ಲಿಗೆ ಕಥೆ ಬಂದು ನಿಂತಿತ್ತು. ಹಾಡಿಲ್ಲ. ಹೊದಿಸಿದ್ದು ನಿಜ.

ಹೊದಿಸುವುದು ನಮ್ಮ ಕಡೆಯವರ ಮೈಗಂಟಿದ ಅಭ್ಯಾಸ. ಕಾರ್ತಿಕ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ತರೀಕೆರೆ ಬಸ್ಸಿಗೂ ಬೀರೂರು ಬಸ್ಸಿಗೂ ಕಾಯುತ್ತಿರುವ ಗಂಡಸರಲ್ಲಿ ಒಬ್ಬರಿಗಾದರೂ ಕಿವಿ ಇದೆಯೋ ಇಲ್ಲವೋ ಎಂದು ಅನುಮಾನ ಬರಬೇಕು, ಹಾಗೆ ಮಫ್ಲರು ಸುತ್ತಿರುತ್ತಾರೆ. ಮೊಬೈಲು ನೋಡಿದರೆ ಹದಿನೈದು ಡಿಗ್ರಿ ಎನ್ನುತ್ತದೆ. ಹದಿನೈದು ಡಿಗ್ರಿಗೆ ಅಂಗಿ ಬಿಚ್ಚಿ ಬಿಸಿಲಿಗೆ ಮೈಯೊಡ್ಡುವ ದೇಶಗಳೂ ಇವೆಯಂತೆ, ಇರಲಿ. ನಮ್ಮಲ್ಲಿ ಮನುಷ್ಯರ ಪಾಲಿನದು ಮುಗಿದ ಮೇಲೆ ಉಳಿದವುಗಳ ಸರದಿ. ಹೆಪ್ಪು ಹಾಕಿದ ಹಾಲಿನ ಪಾತ್ರೆಗೆ ಟವೆಲು, ಕರುವಿನ ಬೆನ್ನಿಗೆ ಗೋಣಿಚೀಲ, ಬಾಣಂತಿಗೆ ಮೂಗೊಂದನ್ನು ಬಿಟ್ಟು ಸರ್ವಾಂಗಕ್ಕೂ ಹೊದಿಕೆ. ನಮ್ಮ ಮನೆಯಲ್ಲಿ ಧನುರ್ಮಾಸ ಬಂತೆಂದರೆ ದೋಸೆ ಹಿಟ್ಟಿನ ಡಬರಿ ನನ್ನ ಸ್ವೆಟರು ತೊಟ್ಟುಕೊಂಡು ಒಲೆಯ ಪಕ್ಕ ಕೂರುತ್ತದೆ. ಹಿಟ್ಟು ಉಬ್ಬಿದ ಮೇಲೆ ಸ್ವೆಟರು ನನಗೆ ವಾಪಸು ಬರುತ್ತದೆ, ಹುಳಿ ವಾಸನೆಯ ಸಮೇತ. ಇಂಥ ಮನೆಯಲ್ಲಿ ಬಾಳುವೆ ಮಾಡಿದವನು ಬ್ಯಾಟರಿಯೊಂದಕ್ಕೆ ಕಂಬಳಿ ಹೊದಿಸಿದರೆ ಅದರಲ್ಲಿ ಅಷ್ಟೊಂದು ಆಶ್ಚರ್ಯವೇನಿದೆ ಎಂಬುದು ನನ್ನ ವಾದ. ಈ ವಾದವನ್ನು ಇದುವರೆಗೆ ಯಾರೂ ಕೇಳಿಸಿಕೊಂಡಿಲ್ಲ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನ ಇನ್ಸ್‌ಪೆಕ್ಟರು. ಆದರೆ ಹಳ್ಳಿಯ ಕಡೆ ಸೂಜಿ ಹಿಡಿದವರೆಲ್ಲ ಡಾಕ್ಟರೇ ಆದ್ದರಿಂದ ಮೂವತ್ತು ವರ್ಷ 'ಡಾಕ್ಟ್ರೇ' ಅನ್ನಿಸಿಕೊಂಡೆ, ಒಮ್ಮೆಯೂ ತಿದ್ದಲಿಲ್ಲ. ನನ್ನ ಕೆಲಸದ ಸಾರವನ್ನೆಲ್ಲ ಒಂದು ಮಾತಿನಲ್ಲಿ ಹೇಳಬಹುದು: ಮೊದಲು ಮುಟ್ಟು, ಆಮೇಲೆ ಮಾತಾಡು. ದನಕ್ಕೆ ಏನಾಗಿದೆ ಎಂದು ಅದರ ಯಜಮಾನ ಅರ್ಧ ಗಂಟೆ ವಿವರಿಸುತ್ತಾನೆ. ಅವನು ವಿವರಿಸುತ್ತಿರುವಾಗ ನಾವು ಸುಮ್ಮನೆ ಕಿವಿಯ ಬುಡಕ್ಕೆ ಕೈ ಇಡಬೇಕು. ಕಿವಿ ಸುಡುತ್ತಿದ್ದರೆ ಒಂದು ಲೆಕ್ಕ, ತಣ್ಣಗೆ ಕೊರೆಯುತ್ತಿದ್ದರೆ ಇನ್ನೊಂದು ಲೆಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆಲ್ಲ ನಾನು ಇದನ್ನು ಉಪದೇಶ ಮಾಡಿದ್ದೇನೆ. ಈಗ ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಬೇಕು.

ಇನ್ನು ಬ್ಯಾಟರಿ ಯಾಕೆ ಬಂತು ಎಂಬ ವಿಷಯ. ನಾಲ್ಕು ವರ್ಷದ ಹಿಂದೆ ವಿಶಾಲೂಗೆ ಹಗಲೆಲ್ಲ ತೂಕಡಿಕೆ ಶುರುವಾಯಿತು. ಅನ್ನ ಬಡಿಸುತ್ತಾ ಬಡಿಸುತ್ತಾ ಸೌಟು ಹಿಡಿದು ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ಶಿವಮೊಗ್ಗದ ವೈದ್ಯರು ಪರೀಕ್ಷೆ ಮಾಡಿಸಿ, ನಿದ್ದೆಯಲ್ಲಿ ಇವರ ಉಸಿರು ಆಗಾಗ ಕಟ್ಟುತ್ತದೆ, ಅದಕ್ಕೇ ನಿದ್ದೆ ಸಾಲುತ್ತಿಲ್ಲ ಎಂದು ಹೇಳಿ ಒಂದು ಮೆಷಿನ್ನು ಬರೆದುಕೊಟ್ಟರು. ಪುಟ್ಟ ಪೆಟ್ಟಿಗೆ, ಅದಕ್ಕೊಂದು ಉದ್ದನೆಯ ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಕಟ್ಟಿಕೊಳ್ಳುವ ಮುಖವಾಡ. ರಾತ್ರಿಯಿಡೀ ಗಾಳಿ ಊದುತ್ತದೆ. ಮೊದಲ ವಾರದಲ್ಲೇ ಅವಳ ಮುಖದಲ್ಲಿ ಕಳೆ ಬಂತು. ಆದರೆ ಅವಳ ತಿರುಗಾಟಕ್ಕೆ ಕಲ್ಲು ಬಿತ್ತು.

ಅದಕ್ಕೆ ಮುಂಚೆ ವಿಶಾಲು ಬಸ್ಸು ಕಂಡರೆ ಹತ್ತುವ ಜಾತಿ. ಅಂತರಘಟ್ಟೆಗೆ ಹೋಗಿ ಬರುತ್ತೇನೆಂದು ಹೊರಟವಳು ಇನ್ನೂ ಎರಡು ಊರು ಮುಗಿಸಿಕೊಂಡು ಮೂರನೇ ದಿನಕ್ಕೆ ಬರುತ್ತಿದ್ದಳು. ಮೆಷಿನ್ನು ಬಂದ ಮೇಲೆ ತಂಗಿಯ ಮನೆಯಲ್ಲಿ ಒಂದೇ ರಾತ್ರಿ ಮಲಗಿದ್ದು. ಅಲ್ಲಿಯ ಮಕ್ಕಳು ಸಾಲಾಗಿ ಬಾಗಿಲಲ್ಲಿ ನಿಂತು, 'ದೊಡ್ಡಮ್ಮ ಗಣಪತಿ ಆದ್ರು' ಎಂದು ನೋಡಿದವು. ಅದೂ ಸಾಲದೆಂಬಂತೆ ಕರೆಂಟು ಹೋಯಿತು. ಮೆಷಿನ್ನು ನಿಂತರೆ ಪ್ರಾಣಕ್ಕೇನೂ ಅಪಾಯವಿಲ್ಲ, ಎಚ್ಚರವಾಗಿ ಎದ್ದು ಕೂರುತ್ತಾಳೆ, ಅಷ್ಟೆ. ಆದರೆ ಎದ್ದು ಕೂತವಳು ಅಂದು ಒಂದು ತೀರ್ಮಾನಕ್ಕೆ ಬಂದಳು. ಆಮೇಲೆ ಮದುವೆ ಎಲ್ಲೇ ಆಗಲಿ, ಊಟ ಮಾಡಿ ಸಂಜೆ ಬಸ್ಸಿಗೆ ಮನೆಗೆ. ನಾಲ್ಕು ವರ್ಷದಲ್ಲಿ ಅವಳು ಬೇರೆ ಊರಿನಲ್ಲಿ ಒಂದು ಬೆಳಗು ಕಂಡಿರಲಿಲ್ಲ.

ಒಂದು ಸಂಜೆ ಕೆಮ್ಮಣ್ಣುಗುಂಡಿಯಿಂದ ಇಳಿಯುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಂದಳು: "ಎಷ್ಟ್ ಸಲ ಬಂದಿದೀವಿ ಇಲ್ಲಿಗೆ. ಯಾವಾಗ್ಲೂ ಹೊತ್ತು ಮುಳುಗೋದ್ರೊಳಗೆ ಇಳಿಯೋದೇ ಆಯ್ತು. ಇಲ್ಲಿ ಬೆಳಗಾಗೋದು ಹೆಂಗಿರುತ್ತೋ, ನಾನು ನೋಡೇ ಇಲ್ಲ ಕಣ್ರೀ." ದೂರಿದ ಹಾಗೆ ಹೇಳಲಿಲ್ಲ. ದೂರಿದ್ದರೆ ನಾನೂ ಒಂದು ಮಾತು ಹೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಸುಮ್ಮನೆ ಹೇಳಿ ಕಿಟಕಿಯ ಕಡೆ ತಿರುಗಿದಳು. ಅದು ನನ್ನ ಎದೆಗೆ ನಾಟಿತು.

ಹೀಗೆ ಗಾಡಿ ಹುಟ್ಟಿತು. ಹಳೆಯದೊಂದು ಶಾಲಾ ವ್ಯಾನು ಕೊಂಡೆ. ಕಡೂರಿನಲ್ಲಿ ಸೀಟುಗಳನ್ನು ಕೀಳಿಸಿ ಎರಡು ಮಂಚ, ಒಂದು ಪುಟ್ಟ ಅಡಿಗೆ ಕಟ್ಟೆ, ಮೇಲ್ಛಾವಣಿಗೆ ಸೋಲಾರ್ ಹಲಗೆ ಹಾಕಿಸಿದೆ. ಕಾಗದಪತ್ರ ಸರಿಮಾಡಿಸಲು ಎಷ್ಟು ಚಪ್ಪಲಿ ಸವೆಯಿತು ಎಂಬುದು ಬೇರೆಯೇ ಪ್ರಬಂಧವಾದೀತು. ಗಾಡಿಗೆ ಬಿಳಿ ಬಣ್ಣ ಬಳಿಸಿ ಅಜ್ಜಂಪುರಕ್ಕೆ ತಂದ ದಿನ ಎದುರು ಮನೆಯ ರುದ್ರಣ್ಣ ಒಂದು ಸುತ್ತು ಹಾಕಿ ನೋಡಿ, "ಡಾಕ್ಟ್ರೇ, ಐಸ್ ಕ್ರೀಂ ಎಲ್ಲೆಲ್ಲಿ ಮಾರ್ತೀರಿ?" ಅಂದ. ನಾನು ಮನೆಯನ್ನೇ ಹೊತ್ತು ತಿರುಗುವ ಗಾಡಿ ಎಂದು ವಿವರಿಸಿದೆ. "ಇರೋ ಮನೆ ಏನಾಗಿದೆ?" ಅಂದ.

ಗಾಡಿಯ ಜೀವ ಇರುವುದು ವಿಶಾಲೂನ ಮಂಚದ ಕೆಳಗಿನ ಲಿಥಿಯಂ ಬ್ಯಾಟರಿಯಲ್ಲಿ. ನನ್ನ ಕಾಲದ ಬ್ಯಾಟರಿಗಳು ಬೇರೆ ಥರ. ನಮ್ಮಪ್ಪ ರೇಡಿಯೋದ ಸೆಲ್ಲು ಸೋತಾಗ ಅವುಗಳನ್ನು ಕಾಂಪೌಂಡಿನ ಮೇಲೆ ಸಾಲಾಗಿ ಬಿಸಿಲಿಗೆ ಇಡುತ್ತಿದ್ದರು, ಹಪ್ಪಳದ ಪಕ್ಕದಲ್ಲೇ. ಸಂಜೆ ಒಳಗೆ ತಂದು ಹಾಕಿದರೆ ವಾರ್ತೆ ಮುಗಿಯುವ ತನಕ ಎಳೆಯುತ್ತಿದ್ದವು. ಕಾಗೆ ಹಪ್ಪಳ ಕಚ್ಚಿಕೊಂಡು ಹೋಗದಂತೆಯೂ ಸೆಲ್ಲು ಉರುಳದಂತೆಯೂ ಕಾಯುವುದು ನನ್ನ ಕೆಲಸ. ಬ್ಯಾಟರಿಗೆ ಶಾಖ ಬೇಕು, ಶಾಖ ಕೊಟ್ಟರೆ ಅದಕ್ಕೆ ಜೀವ ಬರುತ್ತದೆ ಎಂಬ ನಂಬಿಕೆ ನನ್ನಲ್ಲಿ ಬೇರೂರಿದ್ದು ಆ ಕಾಂಪೌಂಡಿನ ಮೇಲೆಯೇ. ಆಮೇಲೆ ಬಂದದ್ದು ನೀರು ಕುಡಿಯುವ ದೊಡ್ಡ ಬ್ಯಾಟರಿಗಳು. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ಹೊಯ್ದರೆ ಸಾಕು, ಯಾವ ತಕರಾರೂ ಇಲ್ಲ. ಈ ಲಿಥಿಯಂ ಹಾಗಲ್ಲ. ಹಗುರ, ಚುರುಕು, ಕಡೆಯ ತನಕ ಒಂದೇ ಸಮನೆ ದುಡಿಯುತ್ತದೆ, ಆದರೆ ಮಹಾ ನಾಜೂಕು. ಅದರ ಒಳಗೇ ಒಬ್ಬ ಕಾವಲುಗಾರ ಕೂತಿದ್ದಾನೆ. ಸ್ವಲ್ಪ ಹೆಚ್ಚುಕಮ್ಮಿಯಾದರೆ ಬಾಗಿಲು ಹಾಕಿಕೊಂಡು, ಏನೂ ಒಳಗೆ ಬಿಡುವುದಿಲ್ಲ ಅನ್ನುತ್ತಾನೆ.

ಜೊತೆಗೆ ಬಂದ ಪುಸ್ತಿಕೆಯನ್ನು ನಾನು ಮೂರು ಸಲ ಓದಿದೆ. ಅದರಲ್ಲಿ ದಪ್ಪಕ್ಷರದ ಒಂದು ಎಚ್ಚರಿಕೆ: ನೀರು ಹೆಪ್ಪುಗಟ್ಟುವಷ್ಟು ಚಳಿಯಲ್ಲಿ ಈ ಬ್ಯಾಟರಿಯಿಂದ ಕೆಲಸ ತೆಗೆಯಬಹುದು, ಆದರೆ ಚಾರ್ಜು ಮಾಡಕೂಡದು, ಮಾಡಿದರೆ ಒಳಗೊಳಗೇ ಕೆಡುತ್ತದೆ. ಮೊದಲು ಬೆಚ್ಚಗಾಗಲಿ, ಆಮೇಲೆ ಚಾರ್ಜು. ಓದಿದ ತಕ್ಷಣ ನನಗೆ ರೋಮಾಂಚನವಾಯಿತು. ಯಾಕೆಂದರೆ ಇದು ನನಗೆ ಗೊತ್ತಿದ್ದ ವಿಷಯ. ಕೆಂಚಮ್ಮ ಹೇಳಿಕೊಟ್ಟದ್ದು.

ಕೆಂಚಮ್ಮ ಅಜ್ಜಂಪುರದ ಆಚೆಯ ಒಂದು ಹಟ್ಟಿಯಲ್ಲಿ ಕುರಿ ಸಾಕಿದ್ದ ಹೆಂಗಸು. ನಾನು ಕೆಲಸಕ್ಕೆ ಸೇರಿದ ಹೊಸತು. ಮಂಜು ಸುರಿದ ಒಂದು ಬೆಳಿಗ್ಗೆ ಹುಟ್ಟಿದ ಮರಿಯೊಂದು ಕಟ್ಟಿಗೆಯ ಹಾಗೆ ಸೆಟೆದುಕೊಂಡಿತ್ತು. ನಾನು ಪುಸ್ತಕ ಓದಿದವನ ಉತ್ಸಾಹದಲ್ಲಿ, ಹಾಲು ಕುಡಿಸು ಬೇಗ, ಶಕ್ತಿ ಬರಲಿ ಅಂದೆ. ಅವಳು ನನ್ನ ಮಾತಿಗೆ ಕಿವಿಗೊಡದೆ ಮರಿಯ ಬಾಯೊಳಗೆ ಬೆರಳಿಟ್ಟಳು. "ಬಾಯಿ ತಣ್ಣಗಿದೆ ಕಣಪ್ಪಾ. ಈಗ ಹಾಲು ಹಾಕಿದ್ರೆ ಹೊಟ್ಟೇಲಿ ಹಂಗೇ ನಿಂತ್ಕಂಬಿಡುತ್ತೆ, ಮರಿ ಹೋಯ್ತದೆ. ಮೊದ್ಲು ಬೆಚ್ಚಗೆ ಮಾಡ್ಬೇಕು," ಎಂದು ಅದನ್ನು ಮಡಿಲಿಗೆ ಹಾಕಿಕೊಂಡು ಕಂಬಳಿ ಮುಚ್ಚಿದಳು. ಸ್ವಲ್ಪ ಹೊತ್ತಿಗೊಮ್ಮೆ ಬಾಯಿಗೆ ಬೆರಳಿಟ್ಟು ನೋಡುವಳು, ಮತ್ತೆ ಮುಚ್ಚುವಳು. ಬಿಸಿಲೇರುವ ಹೊತ್ತಿಗೆ ಬೆರಳನ್ನು ಮರಿ ಚೀಪಿತು. ಆಗ ಹಾಲು. ನಾನು ನಿವೃತ್ತನಾದ ದಿನ ಆ ಹಟ್ಟಿಯವರು ತಾವೇ ನೇಯ್ದ ಒಂದು ಕರಿ ಕಂಬಳಿಯನ್ನು ನನಗೆ ಹೊದಿಸಿದರು. ಮೊದಲು ಹೇಳಿದ ಒಂದೇ ಒಂದು ಒಳ್ಳೆಯ ಕಂಬಳಿ ಅದೇ.

ತಣ್ಣಗಾದ ಮರಿಗೆ ಹಾಲಿಲ್ಲ, ತಣ್ಣಗಾದ ಬ್ಯಾಟರಿಗೆ ಚಾರ್ಜಿಲ್ಲ. ಅಮೆರಿಕದಲ್ಲೋ ಚೀನಾದಲ್ಲೋ ಕೂತು ಪುಸ್ತಿಕೆ ಬರೆದವರು ಕೆಂಚಮ್ಮನ ಹಟ್ಟಿಗೆ ಬಂದು ಹೋಗಿದ್ದಾರೇನೋ ಎಂಬಷ್ಟು ನನಗೆ ಹೆಮ್ಮೆ. ಸಿಕ್ಕಸಿಕ್ಕವರಿಗೆಲ್ಲ ಇದನ್ನು ವಿವರಿಸಿದೆ. ಬ್ಯಾಂಕಿನ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವರೊಬ್ಬರು ಸರದಿ ಬಿಟ್ಟು ಹೊರಗೆ ಹೋದರು. ಮೊಬೈಲಿನಲ್ಲಿ ಹಿಮದ ದೇಶದವರ ವಿಡಿಯೋಗಳನ್ನು ನೋಡಿದೆ. ಮೊಣಕಾಲೆತ್ತರ ಹಿಮದಲ್ಲಿ ಗಾಡಿ ನಿಲ್ಲಿಸಿ, ಬ್ಯಾಟರಿಯ ಕೆಳಗೆ ಶಾಖ ಕೊಡುವ ಹಾಸು ಹಾಕಿಕೊಂಡು, ಸುತ್ತ ಹೊದಿಕೆ ಕಟ್ಟಿ ಸುಖವಾಗಿದ್ದರು. ನೋಡುತ್ತಾ ನೋಡುತ್ತಾ ಅಜ್ಜಂಪುರದ ನಮ್ಮ ಪಡಸಾಲೆಯಲ್ಲಿ ನನಗೆ ನಡುಕ ಹುಟ್ಟಿ ಸಾಕ್ಸು ಹಾಕಿಕೊಂಡೆ.

ಬ್ಯಾಟರಿ ಕೂರಿಸಿದವನು ಕಡೂರಿನ ರಫೀಕ್. ನಾನು ಶಾಖದ ಹಾಸು ಬೇಕು ಅಂದಾಗ ಅವನು ತಲೆ ಕೆರೆದುಕೊಂಡ. "ಸಾರ್, ಅದು ಐಸ್ ಬೀಳೋ ಕಡೆಯವರಿಗೆ. ನಮ್ಮ ಕಡೆ ಅಷ್ಟು ಚಳಿ ಎಲ್ಲೈತೆ?"

"ಕೆಮ್ಮಣ್ಣುಗುಂಡಿ ನೋಡಿದೀಯೇನಪ್ಪಾ ಪುಷ್ಯ ಮಾಸದಲ್ಲಿ?" ಅಂದೆ, ನಾನೇ ನೋಡಿರದಿದ್ದರೂ.

ಹಠ ಮಾಡುವ ಗಿರಾಕಿಯ ಹತ್ತಿರ ವಾದ ಮಾಡದಷ್ಟು ಬುದ್ಧಿ ರಫೀಕನಿಗಿತ್ತು. ಹಾಸು ತರಿಸಿ ಹಾಕಿಕೊಟ್ಟ. ಅದರಿಂದ ಹೊರಟ ಒಂದು ಸಣ್ಣ ವೈರು ತೋರಿಸಿ, "ಈ ತುದಿ ಬ್ಯಾಟರಿ ಮೈಗೆ ಅಂಟಿಕೊಂಡಿರ್ಬೇಕು ಸಾರ್. ಇದೇ ಶಾಖ ನೋಡೋದು. ಬೆಚ್ಚಗಾದ್ರೆ ಹಾಸು ತಾನೇ ಆಫ್ ಆಗುತ್ತೆ," ಅಂದ. ನಾನು ಹೂಂಗುಟ್ಟಿದೆ. ಮನಸ್ಸು ಆಗಲೇ ಹಿಮದ ಮೇಲಿತ್ತು.

ಹೊರಡುವ ಮುಂಚೆ ವಿಶಾಲು ಷರತ್ತು ಹಾಕಿದಳು. "ಒಂದು ರಾತ್ರಿ ನೋಡೋಣ. ನನ್ನ ಮೆಷಿನ್ನು ಬೆಳಗಿನ ತನಕ ನಡೀಬೇಕು. ಮಧ್ಯ ನಿಂತ್ರೆ ಈ ಗಾಡಿ ಮಾರ್ಬಿಡಿ. ಆಮೇಲೆ ನನ್ನನ್ನ ಎಲ್ಲಿಗೂ ಕರೀಬೇಡಿ, ನನಗೂ ಆಸೆ ಹುಟ್ಟಿಸ್ಬೇಡಿ." ಕಡೆಯ ಮಾತು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ನಾಲ್ಕು ವರ್ಷ ಮುಚ್ಚಿಟ್ಟ ಆಸೆಯನ್ನು ಹೊರಗೆ ತೆಗೆಯಲು ಅವಳಿಗೆ ಹೆದರಿಕೆ ಇತ್ತು. ನನಗೂ ಇತ್ತು.

ಸಂಕ್ರಾಂತಿಗೆ ಮುಂಚಿನ ವಾರ ತರೀಕೆರೆ, ಲಿಂಗದಹಳ್ಳಿ ದಾಟಿ ಘಟ್ಟ ಹತ್ತಿದೆವು. ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಸುಶೀಲಮ್ಮ ಎಂಬಾಕೆಯ ಚಹಾ ಅಂಗಡಿ ಇದೆ. ಅಂಗಡಿಯ ಹಿಂದಿನ ಬಯಲಿನಲ್ಲಿ ಗಾಡಿ ನಿಲ್ಲಿಸಲು ಒಪ್ಪಿದಳು. ಪೂರ್ವಕ್ಕೆ ತೆರೆದ ಜಾಗ, ಕೆಳಗೆ ತರೀಕೆರೆಯ ಬಯಲುಸೀಮೆಯೆಲ್ಲ ಹಾಸಿಕೊಂಡು ಬಿದ್ದಿತ್ತು. ಗಾಳಿ ಬೀಸುತ್ತಿತ್ತು. ನನ್ನ ಕಿವಿಗೆ ಗಾಳಿ ತಾಗಿದ್ದೇ ತಡ, ಬ್ಯಾಟರಿಯ ಗತಿ ಏನಾದೀತು ಎಂಬ ಚಿಂತೆ ಶುರುವಾಯಿತು. ಹಾಸಿನ ಗುಂಡಿ ಒತ್ತಿದೆ. ಅದರ ಮೇಲೆ ಕರಿ ಕಂಬಳಿಯನ್ನು ನಾಲ್ಕು ಪದರ ಮಾಡಿ ಬ್ಯಾಟರಿಗೆ ಸುತ್ತಿ, ತುದಿಗಳನ್ನು ಸಂದಿಯಿಲ್ಲದ ಹಾಗೆ ಸಿಕ್ಕಿಸಿದೆ. ಶಾಖ ನೋಡುವ ಆ ಸಣ್ಣ ವೈರು ಒಳಗೆ ಸಿಕ್ಕಿಕೊಂಡಿತ್ತು. ಅದನ್ನು ನೋಡಿ ಒಂದು ಯೋಚನೆ ಬಂತು: ಬೆಚ್ಚಗೆ ಕಂಬಳಿಯೊಳಗೆ ಕೂತ ವೈರಿಗೆ ಹೊರಗಿನ ಚಳಿ ಹೇಗೆ ಗೊತ್ತಾಗಬೇಕು? ಪಾಪ ಎಂದುಕೊಂಡು ಮೆಲ್ಲಗೆ ಎಳೆದು, ಕಿಟಕಿಯ ಸಂದಿನ ಹತ್ತಿರ, ಗಾಳಿ ಚೆನ್ನಾಗಿ ಬೀಸುವ ಕಡೆ ತೂಗುಹಾಕಿದೆ. ಮಳೆ ಅಳೆಯುವವನು ಅಳತೆಯ ಪಾತ್ರೆಯನ್ನು ಅಂಗಳದಲ್ಲಿ ಇಡುತ್ತಾನೆಯೇ ಹೊರತು ಅಟ್ಟದಲ್ಲಿ ಇಡುವುದಿಲ್ಲವಲ್ಲ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ.

ವಿಶಾಲು ಮುಖವಾಡ ಕಟ್ಟಿಕೊಂಡು, ಹತ್ತಿಯ ದುಪ್ಪಟಿ ಹೊದ್ದು ಮಲಗಿದಳು. "ಕಂಬಳಿ ತಂದಿದ್ರಲ್ಲ?" ಎಂದು ಕೇಳಿದ ಹಾಗೆ ನೆನಪು. "ಅದು ಮುಖ್ಯವಾದ ಕಡೆ ಇದೆ," ಅಂದೆ. ಈ ಉತ್ತರವನ್ನು ನಾನು ಮರೆಯಲು ಪ್ರಯತ್ನಿಸುತ್ತಿದ್ದೇನೆ, ಅವಳು ಬಿಡುತ್ತಿಲ್ಲ. ಮೆಷಿನ್ನು ಸಣ್ಣಗೆ ಊದತೊಡಗಿತು. ನನಗೂ ನಿದ್ದೆ ಹತ್ತಿತು.

ಎಚ್ಚರವಾದಾಗ ಮಸುಕು ಮಸುಕು ಬೆಳಕು. ಏನೋ ಇಲ್ಲ ಅನ್ನಿಸಿತು. ಊದುವ ಸದ್ದು ಇರಲಿಲ್ಲ. ಎದುರಿನ ಮಂಚ ಖಾಲಿ, ಮುಖವಾಡ ದಿಂಬಿನ ಮೇಲೆ ಇತ್ತು, ಗಾಡಿಯ ಬಾಗಿಲು ಅರೆತೆರೆದಿತ್ತು. ಬ್ಯಾಟರಿಯ ಮಟ್ಟ ತೋರಿಸುವ ಗೆರೆ ತಳ ಮುಟ್ಟಿತ್ತು. ಸಂಜೆ ತುಂಬಿ ತುಳುಕುತ್ತಿದ್ದ ಬ್ಯಾಟರಿ ಒಂದೇ ರಾತ್ರಿಯಲ್ಲಿ ಎಲ್ಲಿಗೆ ಹೋಯಿತು? ಮೆಷಿನ್ನು ಕುಡಿಯುವುದು ಅದರಲ್ಲಿ ಕಾಲು ಪಾಲೂ ಇಲ್ಲ. ಗಾಡಿ ಹೋದರೆ ಹೋಗಲಿ. ಅವಳು ಇನ್ನು ಕಿಟಕಿಯ ಪಕ್ಕ ಕೂತು ಆ ಥರದ ಮಾತನ್ನೂ ಆಡುವುದಿಲ್ಲವಲ್ಲ ಎಂಬುದೇ ಸಂಕಟವಾಯಿತು. ಹೊರಗೆ ಹೋಗಿ ಅವಳ ಮುಖ ನೋಡಲು ಧೈರ್ಯವಿಲ್ಲದೆ ಬ್ಯಾಟರಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತೆ.

ಇಂಜಿನ್ನು ಶುರುಮಾಡಿದೆ. ಓಡುವ ಇಂಜಿನ್ನಿನಿಂದಲೂ ಬ್ಯಾಟರಿಗೆ ಚಾರ್ಜು ಬರುವಂತೆ ರಫೀಕ್ ಮಾಡಿಕೊಟ್ಟಿದ್ದ. ಬರಲಿಲ್ಲ. ಬದಲಿಗೆ ಥರ್ಮಾಮೀಟರಿನ ಚಿತ್ರದ ಪಕ್ಕ ಒಂದು ಕೆಂಪು ದೀಪ ಮಿಣುಗತೊಡಗಿತು. ಶಾಖದ ತೊಂದರೆ, ಚಾರ್ಜು ಒಳಗೆ ಬಿಡುವುದಿಲ್ಲ ಎಂದು ಕಾವಲುಗಾರ ಬಾಗಿಲು ಹಾಕಿಕೊಂಡಿದ್ದ. ನೋಡಿದೆಯಾ ರಫೀಕ್, ನಾನು ಹೇಳಲಿಲ್ಲವೇ, ಚಳಿ ಹಿಡಿದಿದೆ! ದುಃಖದಲ್ಲೂ ನನಗೆ ಒಂದು ಚೂರು ಸಮಾಧಾನವಾಯಿತು. ನನ್ನ ಮಫ್ಲರು ಬಿಚ್ಚಿ ಕಂಬಳಿಯ ಮೇಲೆ ಕಟ್ಟಿದೆ. ಅದರ ಮೇಲೆ ವಿಶಾಲೂನ ಮಂಚದ ದುಪ್ಪಟಿ. ಸುಶೀಲಮ್ಮನ ಅಂಗಡಿಗೆ ಓಡಿ ಎರಡು ಬಾಟಲಿ ಕುದಿನೀರು ತಂದು ಎರಡೂ ಪಕ್ಕಕ್ಕೆ ಇಟ್ಟೆ. "ಸ್ವಲ್ಪ ತಡ್ಕೋ, ಸ್ವಲ್ಪ ತಡ್ಕೋ," ಎಂದು ಹೇಳಿರಬಹುದು. ಜೋಗುಳದ ಕಥೆ ಹುಟ್ಟಿದ್ದು ಇಲ್ಲೇ ಇರಬೇಕು. ದೀಪ ಮಿಣುಗುತ್ತಲೇ ಇತ್ತು.

ಬಾಟಲಿ ಎಲ್ಲಿಗೆ ಹೋಯಿತೆಂದು ನೋಡಲು ಬಂದ ಸುಶೀಲಮ್ಮ ಬಾಗಿಲಲ್ಲಿ ಇಣುಕಿದಳು. "ಅಯ್ಯೋ, ಯಾರ್ ಮಲಗಿರೋದು? ಬಾಣಂತಿನಾ?"

"ಬ್ಯಾಟರಿ ಕಣಮ್ಮ. ಚಳಿ ಆಗಿದೆ."

ಅವಳು ತುಟಿ ಕಚ್ಚಿಕೊಂಡು, "ಅಕ್ಕಾ, ಬನ್ನಿ ಇಲ್ಲಿ, ನಿಮ್ಮ ಯಜಮಾನ್ರನ್ನ ನೋಡ್ಬನ್ನಿ," ಎಂದು ಕೂಗಿದಳು.

ವಿಶಾಲು ಬಂದಳು. ಸೀರೆಯ ಸೆರಗನ್ನು ಎರಡು ಸುತ್ತು ಸುತ್ತಿಕೊಂಡು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು. ನಾನು ಅವಳಿಗೆ ಕೆಂಚಮ್ಮನಿಂದ ಶುರುಮಾಡಿ ಎಲ್ಲವನ್ನೂ ವಿವರಿಸಿದೆ. ಪೂರ್ತಿ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು: "ಮುಟ್ಟಿ ನೋಡಿದ್ರಾ?"

ಅವಳು ಬಗ್ಗಿ ದುಪ್ಪಟಿ ತೆಗೆದಳು, ಮಫ್ಲರು ತೆಗೆದಳು, ಕಂಬಳಿಯ ಪದರದೊಳಗೆ ಕೈ ತೂರಿಸಿದಳು. ತೂರಿಸಿದ್ದೇ "ಹಾ!" ಎಂದು ಹಿಂದಕ್ಕೆ ಎಳೆದುಕೊಂಡಳು. "ರೀ, ಇದು ಕಾದ ಹೆಂಚಾಗಿದೆಯಲ್ಲ! ಚಳಿ ಎಲ್ಲಿ ಬಂತು, ಜ್ವರ ಬಂದಿದೆ ಇದಕ್ಕೆ."

ನಂಬದೆ ನಾನೂ ಕೈ ಇಟ್ಟೆ. ಸುಟ್ಟಿತು. ಹಳೆಯ ಅಭ್ಯಾಸದಿಂದ ಚೀಲದಲ್ಲಿ ಇಟ್ಟುಕೊಂಡಿದ್ದ ದನದ ಥರ್ಮಾಮೀಟರನ್ನು ತೆಗೆದು ಬ್ಯಾಟರಿಯ ಪಕ್ಕಕ್ಕೆ ಒತ್ತಿ ಹಿಡಿದೆ. ಪಾದರಸ ಕಟ್ಟಕಡೆಯ ಗೆರೆ ಮುಟ್ಟಿ, ಇನ್ನೂ ಹೋಗಲು ಜಾಗವಿಲ್ಲದೆ ನಿಂತಿತು. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಜ್ವರ ಬಂದು ಬದುಕಿದ ದನವನ್ನು ನಾನು ಕಂಡಿಲ್ಲ. ಆಗ ಎಲ್ಲವೂ ಒಂದೊಂದಾಗಿ ಅರ್ಥವಾಯಿತು. ಕಿಟಕಿಯ ಸಂದಿಯಲ್ಲಿ ತೂಗುತ್ತಿದ್ದ ವೈರು ರಾತ್ರಿಯಿಡೀ ಗಾಳಿ ಕುಡಿದು, ಇನ್ನೂ ಚಳಿ, ಇನ್ನೂ ಚಳಿ ಎಂದು ಹೇಳಿದೆ. ಹಾಸು ಆರಿಲ್ಲ. ಬ್ಯಾಟರಿ ತನ್ನಲ್ಲಿದ್ದದ್ದನ್ನೆಲ್ಲ ಸುರಿದು ತನ್ನನ್ನೇ ತಾನು ಕಾಯಿಸಿಕೊಂಡು, ಹೆಂಡತಿಯ ಮೆಷಿನ್ನಿಗೆ ಬೆಳಗಿನ ಜಾವಕ್ಕೆ ಏನನ್ನೂ ಉಳಿಸಿಲ್ಲ. ಕೆಂಪು ದೀಪ ಹೇಳುತ್ತಿದ್ದದ್ದು ಚಳಿಯ ವಿಷಯವನ್ನಲ್ಲ. ತೀರಾ ತಣ್ಣಗಾದರೆ ಚಾರ್ಜು ಬೇಡವೆನ್ನುವ ಕಾವಲುಗಾರ ತೀರಾ ಬಿಸಿಯಾದರೂ ಬೇಡವೆನ್ನುತ್ತಾನೆಂದು ಪುಸ್ತಿಕೆಯ ಮುಂದಿನ ಸಾಲಿನಲ್ಲೇ ಇತ್ತು. ಅದು ದಪ್ಪಕ್ಷರದಲ್ಲಿ ಇರಲಿಲ್ಲ. ಅಂಗಡಿಯ ಗೋಡೆಯ ಥರ್ಮಾಮೀಟರು ಆ ಹೊತ್ತಿಗೆ ಹನ್ನೆರಡು ಡಿಗ್ರಿ ತೋರಿಸುತ್ತಿತ್ತು. ನೀರು ಹೆಪ್ಪುಗಟ್ಟುವ ಮಾತು ಹಾಗಿರಲಿ, ಸುಶೀಲಮ್ಮನ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ್ದೇ ಅಲ್ಲಿಯ ದೊಡ್ಡ ಚಳಿ. ಬ್ಯಾಟರಿಗೆ ಹಾಸೂ ಬೇಕಿರಲಿಲ್ಲ, ಕಂಬಳಿಯೂ ಬೇಕಿರಲಿಲ್ಲ.

ಕೆಂಚಮ್ಮ ಮರಿಗೆ ಕಂಬಳಿ ಮುಚ್ಚಿದ್ದು ನನಗೆ ನೆನಪಿತ್ತು. ಮುಚ್ಚುವ ಮುಂಚೆ ಬಾಯಿಗೆ ಬೆರಳಿಟ್ಟದ್ದು, ಮುಚ್ಚಿದ ಮೇಲೂ ಮತ್ತೆ ಮತ್ತೆ ಇಟ್ಟದ್ದು ಮರೆತುಹೋಗಿತ್ತು.

ನಾನು ಅಲ್ಲೇ ಕೂತು ಇದನ್ನೆಲ್ಲ ಚಿಂತಿಸುತ್ತಿರುವಾಗ ವಿಶಾಲು ಸದ್ದಿಲ್ಲದೆ ಬ್ಯಾಟರಿಯ ಪಕ್ಕ ಕೂತು ಎರಡೂ ಅಂಗೈಗಳನ್ನು ಅದರ ಮೇಲೆ ಇಟ್ಟು, ತೆಗೆದು, ಮತ್ತೆ ಇಟ್ಟು ಕಾಯಿಸಿಕೊಳ್ಳುತ್ತಿದ್ದಳು. ಆ ಕೈಗಳನ್ನು ಮುಟ್ಟಿದೆ. ಕೊರೆಯುತ್ತಿದ್ದವು. ಬೆರಳ ತುದಿಗಳು ಬೆಳ್ಳಗಾಗಿದ್ದವು. ರಾತ್ರಿಯಿಡೀ ಹತ್ತಿಯ ದುಪ್ಪಟಿಯಲ್ಲಿ ಮುದುಡಿ ಮಲಗಿದ್ದಾಳೆ, ಒಂದು ಮಾತು ಹೇಳಿಲ್ಲ. ಅವಳು ಹಾಗೆಯೇ. ಚಳಿಯಲ್ಲೂ ಬಡಿಸುತ್ತಾಳೆ, ತೊಳೆಯುತ್ತಾಳೆ, ನನ್ನ ಮಫ್ಲರು ಹುಡುಕಿಕೊಡುತ್ತಾಳೆ. ತನಗೆ ಬೇಕು ಎಂಬುದನ್ನು ಮಾತ್ರ ಕೇಳಲಾರಳು. ನನಗೆ ನಿಜವಾಗಿ ನಾಚಿಕೆಯಾಯಿತು. ಕಂಬಳಿ ಎತ್ತಿ ಅವಳ ಹೆಗಲ ಮೇಲೆ ಹಾಕಿದೆ. ಅದು ಕಾದು ಬಿಸಿ ಬಿಸಿಯಾಗಿತ್ತು.

"ಅಬ್ಬಾ," ಎಂದು ಕಣ್ಣು ಮುಚ್ಚಿದಳು. "ಇದೊಂದು ಉಪಕಾರ ಆಯ್ತು ನಿಮ್ಮ ಬ್ಯಾಟರೀಯಿಂದ."

"ನಿನ್ನ ಮೆಷಿನ್ನು ನಿಂತುಹೋಯ್ತಲ್ಲೇ," ಅಂದೆ.

"ನಿಂತ್ಹೋಯ್ತು. ಅದಕ್ಕೇ ಎಚ್ಚರ ಆಯ್ತು. ಎದ್ದು ಹೊರಗೆ ಬಂದ್ರೆ ಕೆಳಗೆಲ್ಲ ಮಂಜು, ಕೆರೆ ತುಂಬಿದಂಗೆ. ಅಜ್ಜಂಪುರದ ಕಡೆಯಿಂದಾನೇ ಹುಟ್ಟಿದ ಸೂರ್ಯ. ಇಷ್ಟು ದೊಡ್ಡೋನು ನಮ್ಮೂರಿನ ಮೇಲೇ ಬತ್ತಾನೆ ಅಂತ ನನಗೆ ಗೊತ್ತೇ ಇರ್ಲಿಲ್ಲ." ಕಂಬಳಿಯನ್ನು ಕತ್ತಿನ ತನಕ ಎಳೆದುಕೊಂಡು, "ನಿಮ್ಮನ್ನೂ ಕರೆದೆ. ನೀವು ಬ್ಯಾಟರಿ ಜೊತೆ ಮಾತಾಡ್ತಿದ್ರಿ," ಅಂದಳು.

ಬ್ಯಾಟರಿಯನ್ನು ಬರಿಮೈ ಮಾಡಿ, ಬಾಗಿಲು ಕಿಟಕಿ ತೆರೆದು ಗಾಳಿಗೆ ಬಿಟ್ಟೆವು. ಉಪ್ಪಿಟ್ಟು ತಿಂದೆವು, ಎರಡು ಸಲ ಚಹಾ ಕುಡಿದೆವು, ಸುಶೀಲಮ್ಮ ಬಂದು ಹೋದ ಪ್ರತಿಯೊಬ್ಬ ಗಿರಾಕಿಗೂ ಬಾಣಂತಿಯನ್ನು ತೋರಿಸಿದಳು. ಬಿಸಿಲು ಮೇಲಿನ ಹಲಗೆಗೆ ಬಿದ್ದು ಎಷ್ಟೋ ಹೊತ್ತಾದ ಮೇಲೆ ಕೆಂಪು ದೀಪ ಆರಿತು, ಹಸಿರು ಹತ್ತಿತು. ಮರಿ ಬೆರಳು ಚೀಪಿದ ಹಾಗೆಯೇ ಅನ್ನಿಸಿ ಕೈ ತಟ್ಟಿದೆ. ಆಮೇಲೆ ಅವಳ ಮಾತು ನೆನಪಾಗಿ ಕೈ ಇಳಿಸಿದೆ. ಷರತ್ತು ಷರತ್ತೇ.

"ರುದ್ರಣ್ಣನ ಭಾವಮೈದ ಐಸ್ ಕ್ರೀಂ ಗಾಡಿ ಹುಡುಕ್ತಿದಾನಂತೆ. ಕೇಳಿ ನೋಡ್ತೀನಿ," ಅಂದೆ.

"ಯಾಕೆ?"

"ಮಾರ್ಬೇಕಲ್ಲ. ನೀನೇ ಹೇಳಿದ್ದು."

"ಮೆಷಿನ್ನು ನಿಲ್ಸಿದ್ದು ಗಾಡೀನಾ?" ಅಂದಳು. "ಗಾಡಿ ಏನ್ಮಾಡಿದೆ ಪಾಪ. ನಿಲ್ಸಿದ್ದು ನೀವು. ನ್ಯಾಯವಾಗಿ ನಿಮ್ಮನ್ನ ಮಾರ್ಬೇಕು. ಕೊಳ್ಳೋರು ಯಾರಿದಾರೆ?" ಕಂಬಳಿಯನ್ನು ಇನ್ನೊಂದು ಸುತ್ತು ಸುತ್ತಿಕೊಂಡು ಹೇಳಿದಳು: "ಇನ್ನೊಂದು ರಾತ್ರಿ ಇದ್ದು ಹೋಗೋಣ ಕಣ್ರೀ. ನೀವು ನೋಡ್ಲಿಲ್ಲವಲ್ಲ."

ಹಾಸಿನ ವೈರನ್ನು ನಾನೇ ಕಿತ್ತು ಡಬ್ಬಿಗೆ ಹಾಕಿದೆ. ಆ ರಾತ್ರಿ ಎಂಟೂವರೆಗೇ ಮಲಗಿದೆವು. ಬ್ಯಾಟರಿ ಬರಿಮೈಯಲ್ಲಿ, ವಿಶಾಲು ಕಂಬಳಿಯಲ್ಲಿ. ಮೆಷಿನ್ನು ಊದತೊಡಗಿದ ಮೇಲೆ ನಾನು ಎದ್ದು ಬ್ಯಾಟರಿಯನ್ನು ಮುಟ್ಟಿ ನೋಡಿದೆ. ಹಿತವಾಗಿತ್ತು. ತಿರುಗಿ, ಕಂಬಳಿಯ ತುದಿ ಸರಿಸಿ, ಅವಳ ಪಾದ ಮುಟ್ಟಿ ನೋಡಿದೆ. ನಿದ್ದೆ ಬಂದಿದೆ ಎಂದುಕೊಂಡಿದ್ದೆ. ಮುಖವಾಡವನ್ನು ಒಂದು ಬೆರಳಿನಷ್ಟು ಎತ್ತಿ, ಕಣ್ಣು ಮುಚ್ಚಿಕೊಂಡೇ ಅಂದಳು:

"ಕಾಲು ಸಾಕಾ ಡಾಕ್ಟ್ರೇ? ಕಿವೀನೂ ನೋಡ್ಬಿಡಿ."

ನೋಡಿದೆ. ಬೆಚ್ಚಗಿತ್ತು.